ಸನ್ಯಾಸಿನಿಯರು ಮತ್ತು ಒಂದು ವಿಮೆಯ ಕಾಗದ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಕಾನೂನು ಓದುತ್ತಿದ್ದಾಳೆ. ಹೋದ ತಿಂಗಳು ಒಂದು ಭಾನುವಾರ ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದಳು. ಕಾಲೇಜಿನ ಚರ್ಚಾಸ್ಪರ್ಧೆಗೆ ಅವಳಿಗೆ ಅಮೆರಿಕದ ಮೊಕದ್ದಮೆಯೊಂದನ್ನು ಕೊಟ್ಟಿದ್ದರಂತೆ. ಸರ್ಕಾರ ಕಡ್ಡಾಯ ಮಾಡಿದ ಆರೋಗ್ಯ ವಿಮೆಯಲ್ಲಿ ತಮ್ಮ ಧರ್ಮಕ್ಕೆ ಒಗ್ಗದ ಅಂಶವನ್ನು ಬೇಡವೆನ್ನುವ ಹಕ್ಕು ಒಂದು ಸಂಸ್ಥೆಗೆ ಇದೆಯೇ, ಇಲ್ಲವೇ ಎಂಬುದು ಪ್ರಶ್ನೆ.

‘ಸಾರ್, ನನಗೆ ಸರ್ಕಾರದ ಪಕ್ಷ ಬಂದಿದೆ. ಎದುರಿಗಿರೋರು ಮುದುಕರ ಸೇವೆ ಮಾಡೋ ಸನ್ಯಾಸಿನಿಯರು. ಅವರ ವಿರುದ್ಧ ಮಾತಾಡೋದು ಹೇಗೆ ಸಾರ್?’ ಎಂದಳು. ಆಮೇಲೆ ಸ್ವಲ್ಪ ತಡೆದು, ‘ಮಧ್ಯದಲ್ಲಿ ಮಾತ್ರೆಗಳ ವಿಷಯ ಬೇರೆ ಇದೆ. ಅದನ್ನು ನೀವೇ ಹೇಳಿಕೊಡಬೇಕು’ ಅಂದಳು.

ನನಗೆ ಗೊತ್ತಿದ್ದುದು ವಿಜ್ಞಾನ, ಕಾನೂನಲ್ಲ. ಆದರೂ ಅವಳು ಬಿಟ್ಟುಹೋದ ಕಾಗದಗಳನ್ನು ಒಂದು ವಾರ ಓದಿದೆ. ಕುತೂಹಲ ಹುಟ್ಟಿತು. ಅದನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆ ಸನ್ಯಾಸಿನಿಯರು ಯಾರು ಎಂಬುದು. ಅವರ ಸಂಘದ ಹೆಸರು ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’. ಬಡವರ ಪುಟ್ಟ ಸೋದರಿಯರು ಅನ್ನಿ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಮುದ್ರದಂಡೆಯ ಊರಿನಲ್ಲಿ 1792ರಲ್ಲಿ ಹುಟ್ಟಿದ ಜಾನ್ ಜುಗಾನ್ ಎಂಬ ಬಡ ಹೆಂಗಸು ಇದನ್ನು ಶುರುಮಾಡಿದವಳು. ಮನೆಗೆಲಸ ಮಾಡಿಕೊಂಡಿದ್ದ ಆಕೆ 1839ರ ಚಳಿಗಾಲದಲ್ಲಿ ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯಲ್ಲೇ ಮಲಗಿಸಿದಳು. ಆಮೇಲೆ ಇನ್ನೊಬ್ಬ ಮುದುಕಿ, ಮತ್ತೊಬ್ಬಳು. ಅವರ ಹೊಟ್ಟೆಗೆ ಬುಟ್ಟಿ ಹಿಡಿದು ಮನೆಮನೆ ತಿರುಗಿ ಬೇಡಿದಳು. ಸಂಘ ಬೆಳೆದ ಮೇಲೆ ಪಾದ್ರಿಯೊಬ್ಬ ತಾನೇ ಅದರ ಸ್ಥಾಪಕನೆಂದು ಹೇಳಿಕೊಂಡು ಆಕೆಯನ್ನು ಮೂಲೆಗೆ ಸರಿಸಿದ. 1879ರಲ್ಲಿ ಆಕೆ ಸತ್ತಾಗ ಕಿರಿಯ ಸೋದರಿಯರಲ್ಲಿ ಎಷ್ಟೋ ಮಂದಿಗೆ ಈ ಮುದುಕಿಯೇ ಸಂಘ ಕಟ್ಟಿದವಳು ಎಂಬುದೇ ಗೊತ್ತಿರಲಿಲ್ಲ. 2009ರಲ್ಲಿ ಪೋಪರು ಆಕೆಯನ್ನು ಸಂತಳೆಂದು ಘೋಷಿಸಿದರು. ಬೆಂಗಳೂರಿನವರಿಗೆ ಈ ಸಂಘ ಹೊಸದಲ್ಲ. ಹೊಸೂರು ರಸ್ತೆಯಲ್ಲಿ ಇವರ ವೃದ್ಧಾಶ್ರಮವಿದೆ.

ಇಂಥವರು ಸರ್ಕಾರದ ಜೊತೆ ಕೋರ್ಟಿಗೆ ಯಾಕೆ ಹೋದರು? ಅದು ತಿಳಿಯಬೇಕಾದರೆ ಅಮೆರಿಕದ ಒಂದು ವಿಚಿತ್ರ ಪದ್ಧತಿಯನ್ನು ತಿಳಿಯಬೇಕು. ಅಲ್ಲಿ ಬಹುಪಾಲು ದುಡಿಯುವವರಿಗೆ ಆರೋಗ್ಯ ವಿಮೆ ಬರುವುದು ಕೆಲಸ ಕೊಟ್ಟ ಮಾಲೀಕನ ಮೂಲಕ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಬೆಲೆ ಏರದಿರಲೆಂದು ಅಲ್ಲಿನ ಸರ್ಕಾರ ಸಂಬಳ ಹೆಚ್ಚಿಸುವುದಕ್ಕೆ ತಡೆ ಹಾಕಿತು. ಕೆಲಸಗಾರರು ಸಿಗದೆ ಒದ್ದಾಡುತ್ತಿದ್ದ ಕಾರ್ಖಾನೆಗಳು, ‘ಸಂಬಳ ಜಾಸ್ತಿ ಕೊಡಲಾಗದಿದ್ದರೇನು, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇವೆ’ ಎಂದವು. ಆ ಹಣಕ್ಕೆ ತೆರಿಗೆಯೂ ಇಲ್ಲವೆಂದಾಯಿತು. ಯುದ್ಧ ಮುಗಿದರೂ ಪದ್ಧತಿ ಉಳಿಯಿತು. ನಮ್ಮೂರಿನ ಎಷ್ಟೋ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾರಲ್ಲ, ಅವರನ್ನು ಕೇಳಿ ನೋಡಿ. ಕೆಲಸ ಹೋಗುವ ಭಯಕ್ಕಿಂತ ಅದರ ಜೊತೆಗೆ ವಿಮೆ ಹೋಗುವ ಭಯವೇ ಹೆಚ್ಚು ಎನ್ನುತ್ತಾರೆ.

ಇನ್ನು ವಿಮೆಯ ಲೆಕ್ಕ. ಸಾವಿರ ಜನರ ಒಂದು ಊರಿದೆ ಎನ್ನಿ. ವರ್ಷಕ್ಕೆ ಹತ್ತು ಜನ ಆಸ್ಪತ್ರೆ ಸೇರುತ್ತಾರೆ, ಒಬ್ಬೊಬ್ಬರಿಗೆ 1 ಲಕ್ಷ ರೂಪಾಯಿ ಖರ್ಚು. ಒಟ್ಟು 10 ಲಕ್ಷ. ಎಲ್ಲರೂ ಸೇರಿ ಹಾಕಿದರೆ ತಲೆಗೆ 1000 ರೂಪಾಯಿ. ಗಟ್ಟಿಮುಟ್ಟಾದ 500 ಜನ ‘ನಮಗೆ ರೋಗವಿಲ್ಲ, ನಾವು ಕೊಡೆವು’ ಎಂದು ಹೊರಟುಹೋದರೆ ಉಳಿದವರ ಕಂತು 2000ಕ್ಕೆ ಏರುತ್ತದೆ. ಅದನ್ನು ನೋಡಿ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಉಳಿಯುವವರು ರೋಗಿಗಳು ಮಾತ್ರ. ಆದ್ದರಿಂದ ವಿಮೆ ನಡೆಯಬೇಕಾದರೆ ಎಲ್ಲರೂ ಒಳಗಿರಬೇಕು, ಯಾವುದಕ್ಕೆ ಹಣ ಕೊಡಬೇಕು ಎಂಬುದೂ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಆಗಿರಬೇಕು. 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಆರೋಗ್ಯ ಕಾಯಿದೆಯ ತಿರುಳು ಇದೇ.

ಆ ಕಾಯಿದೆಯಲ್ಲಿ ರೋಗ ಬರುವ ಮೊದಲೇ ತಡೆಯುವ ಸೇವೆಗಳನ್ನು ವಿಮೆಯವರು ಬಿಟ್ಟಿಯಾಗಿ ಕೊಡಬೇಕೆಂಬ ಮಾತಿತ್ತು. ಹೆಂಗಸರಿಗೆ ಯಾವ ಯಾವ ಸೇವೆ ಎಂಬುದನ್ನು ಮಾತ್ರ ಕಾಯಿದೆಯಲ್ಲಿ ಬರೆದಿರಲಿಲ್ಲ, ಇಲಾಖೆಗೆ ಬಿಟ್ಟಿದ್ದರು. ವೈದ್ಯವಿಜ್ಞಾನಿಗಳ ಸಮಿತಿಯೊಂದರ ಸಲಹೆಯಂತೆ ಇಲಾಖೆಯು 2011ರ ಆಗಸ್ಟಿನಲ್ಲಿ ಪಟ್ಟಿ ಮಾಡಿತು. ಸರ್ಕಾರದ ಒಪ್ಪಿಗೆ ಪಡೆದ ಎಲ್ಲ ಗರ್ಭನಿರೋಧಕ ವಿಧಾನಗಳೂ ಅದರಲ್ಲಿದ್ದವು. ಚರ್ಚುಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಚರ್ಚು ನಡೆಸುವ ಆಸ್ಪತ್ರೆ, ಕಾಲೇಜು, ವೃದ್ಧಾಶ್ರಮಗಳಿಗೆ ಸಿಗಲಿಲ್ಲ. ಅವು ಎಲ್ಲ ಮತದವರಿಗೂ ಕೆಲಸ ಕೊಡುತ್ತವೆ, ಎಲ್ಲರ ಸೇವೆಯನ್ನೂ ಮಾಡುತ್ತವೆ ಎಂಬುದೇ ಕಾರಣ. ಕ್ಯಾಥೊಲಿಕ್ ಬಿಷಪ್ಪರಿಗೆ ಹೆಚ್ಚು ಚುಚ್ಚಿದ್ದು ಇದೇ. ನಾವು ಬಡವರನ್ನು ನೋಡಿಕೊಳ್ಳುವಾಗ ‘ನೀನು ನಮ್ಮ ಮತದವನೇ’ ಎಂದು ಕೇಳುವುದಿಲ್ಲ, ಕೇಳದಿದ್ದ ತಪ್ಪಿಗೆ ನಾವು ಧಾರ್ಮಿಕ ಸಂಸ್ಥೆಯೇ ಅಲ್ಲ ಎನ್ನುತ್ತೀರಾ ಎಂಬುದು ಅವರ ವಾದ. ಈ ಮಾತಿನಲ್ಲಿ ಹುರುಳಿದೆ ಎಂದು ನನಗೆ ಅನ್ನಿಸಿತು.

ಕ್ಯಾಥೊಲಿಕ್ ಚರ್ಚು ಎಲ್ಲರಿಗೂ ವೈದ್ಯಸೌಲಭ್ಯ ಸಿಗುವುದರ ವಿರೋಧಿ ಎಂದು ಯಾರೂ ತಿಳಿಯಬಾರದು. ಅಮೆರಿಕದ ಬಿಷಪ್ಪರು 1919ರಷ್ಟು ಹಿಂದೆಯೇ ಕೆಲಸಗಾರರಿಗೆ ಕಾಯಿಲೆಯ ವಿಮೆ ಬೇಕೆಂದು ಹೇಳಿದ್ದರು. ವೈದ್ಯೋಪಚಾರ ಮನುಷ್ಯನ ಹಕ್ಕು ಎಂದು ಪೋಪ್ ಇಪ್ಪತ್ತಮೂರನೇ ಜಾನ್ 1963ರಲ್ಲಿ ಬರೆದರು. ಒಬಾಮಾ ಕಾಯಿದೆಯ ವಿಷಯದಲ್ಲೂ ಮನೆಯೊಳಗೇ ಒಡಕಿತ್ತು. ಗರ್ಭಪಾತಕ್ಕೆ ಹಣ ಹೋಗಬಹುದೆಂದು ಬಿಷಪ್ಪರು ವಿರೋಧಿಸಿದರೆ, ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟದ ಮುಖ್ಯಸ್ಥೆ, ತಾವೂ ಸನ್ಯಾಸಿನಿಯಾದ ಸಿಸ್ಟರ್ ಕ್ಯಾರೊಲ್ ಕೀಹಾನ್ ಬೆಂಬಲಿಸಿದರು. ಸಹಿ ಹಾಕಿದ ಪೆನ್ನುಗಳಲ್ಲಿ ಒಂದನ್ನು ಒಬಾಮಾ ಅವರಿಗೆ ಕೊಟ್ಟರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಧರ್ಮಸ್ವಾತಂತ್ರ್ಯದ ಬಗ್ಗೆ ಇಂದು ಇಷ್ಟು ಗಟ್ಟಿಯಾಗಿ ಮಾತನಾಡುವ ಚರ್ಚು, ಸರ್ಕಾರವು ಎಲ್ಲ ಮತಗಳನ್ನೂ ಅವರವರ ಪಾಡಿಗೆ ಬಿಡಬೇಕೆಂಬುದನ್ನು ಬಹುಕಾಲ ಒಪ್ಪಿರಲಿಲ್ಲ. ಜಾನ್ ಕೋರ್ಟ್ನಿ ಮರ್ರೆ ಎಂಬ ಅಮೆರಿಕದ ಜೆಸ್ವಿಟ್ ಪಾದ್ರಿ ಅದರ ಪರವಾಗಿ ಬರೆದಾಗ 1950ರ ದಶಕದಲ್ಲಿ ಅವರ ಬಾಯಿ ಕಟ್ಟಿದರು. ಅದೇ ಮರ್ರೆ ನೆರವಿನಿಂದ ಎರಡನೇ ವ್ಯಾಟಿಕನ್ ಮಹಾಸಭೆಯ ಘೋಷಣೆ 1965ರ ಡಿಸೆಂಬರ್ 7ರಂದು ಹೊರಬಂತು. ಯಾರನ್ನೂ ಅವರ ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಬಲವಂತ ಮಾಡಬಾರದು ಎಂಬುದು ಅದರ ಸಾರ. ಸನ್ಯಾಸಿನಿಯರ ವಾದ ನಿಂತಿರುವುದು ಈ ತಳಹದಿಯ ಮೇಲೆ.

ಈಗ ಮಾತ್ರೆಯ ವಿಷಯ. ಮಕ್ಕಳು ಓದುವ ಅಂಕಣದಲ್ಲಿ ಇದೆಲ್ಲ ಯಾಕೆ ಎಂದು ಕೇಳುವ ತಾಯಿತಂದೆಯರಿಗೆ ಒಂದು ಮಾತು: ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲೇ ಇದೆ. ನಾವು ಓದುವಾಗ ಮೇಷ್ಟರು ಅಂಥ ಪುಟ ಬಂದರೆ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾರಿಸಿಬಿಡುತ್ತಿದ್ದರು. ನಾನು ಹಾರಿಸುವುದಿಲ್ಲ.

ಗರ್ಭನಿರೋಧಕ ಮಾತ್ರೆಯಲ್ಲಿರುವುದು ಹೆಣ್ಣಿನ ದೇಹದಲ್ಲಿ ತಾನಾಗಿ ಹುಟ್ಟುವ ಹಾರ್ಮೋನುಗಳನ್ನು ಹೋಲುವ ವಸ್ತುಗಳು. ಅವು ಅಂಡಾಶಯದಿಂದ ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಈ ಮಾತ್ರೆಯನ್ನು ಪರೀಕ್ಷಿಸಿ ಬಳಕೆಗೆ ತಂದವರಲ್ಲಿ ಡಾ. ಜಾನ್ ರಾಕ್ ಎಂಬವರು ದಿನವೂ ಪೂಜೆಗೆ ಹೋಗುತ್ತಿದ್ದ ಕ್ಯಾಥೊಲಿಕ್ ಎಂದರೆ ನಂಬುತ್ತೀರಾ? 1957ರಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ. ಆಮೇಲೆ ಅಮೆರಿಕದಲ್ಲಿ ಇದ್ದಕ್ಕಿದ್ದಂತೆ ಅಷ್ಟೊಂದು ಹೆಂಗಸರಿಗೆ ಮುಟ್ಟಿನ ತೊಂದರೆ ಹೇಗೆ ಶುರುವಾಯಿತೋ! ಗರ್ಭನಿರೋಧಕವೆಂದೇ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಚರ್ಚು ಹೇಗೂ ‘ಸುರಕ್ಷಿತ ದಿನ’ಗಳ ಲೆಕ್ಕವನ್ನು ಒಪ್ಪುತ್ತದೆ, ಮಾತ್ರೆ ಆ ದಿನಗಳನ್ನು ಸ್ವಲ್ಪ ಹಿಗ್ಗಿಸುತ್ತದೆ ಅಷ್ಟೆ ಎಂಬುದು ರಾಕ್ ವಾದ. ಪೋಪರು ನೇಮಿಸಿದ್ದ ಸಮಿತಿಯ ಹೆಚ್ಚಿನ ಸದಸ್ಯರೂ ಬದಲಾವಣೆಯ ಪರ ಇದ್ದರು. ಆದರೆ 1968ರ ಜುಲೈಯಲ್ಲಿ ಆರನೇ ಪೌಲ್ ಪೋಪರು ಹಳೆಯ ನಿಲುವನ್ನೇ ಎತ್ತಿಹಿಡಿದರು. ಕಾಯಿಲೆಗೆ ಔಷಧವಾಗಿ ಕೊಡುವುದಕ್ಕೆ ಮಾತ್ರ ಅಡ್ಡಿಯಿಲ್ಲ ಎಂದರು.

ವಿಜ್ಞಾನಕ್ಕೆ ಉತ್ತರಿಸಲು ಬರುವ ಪ್ರಶ್ನೆಯೊಂದು ಇಲ್ಲಿದೆ, ಬಾರದ ಪ್ರಶ್ನೆಯೂ ಒಂದಿದೆ. ‘ತುರ್ತು ಮಾತ್ರೆ’ ಎನ್ನುತ್ತಾರಲ್ಲ, ಅದು ಅಂಡ ಫಲಿತವಾದ ಮೇಲೆ ಕೆಲಸ ಮಾಡುತ್ತದೆಯೇ, ಮೊದಲೇ ಮಾಡುತ್ತದೆಯೇ ಎಂಬುದು ಮೊದಲನೇ ಜಾತಿಯದು. ಫಲಿತ ಅಂಡ ಗರ್ಭಕೋಶಕ್ಕೆ ಅಂಟದಂತೆ ತಡೆಯಬಹುದು ಎಂದು ಅದರ ಪೊಟ್ಟಣದ ಚೀಟಿಯಲ್ಲೇ ಬಹಳ ಕಾಲ ಬರೆದಿತ್ತು. ಪ್ರಯೋಗಗಳು ತೋರಿಸಿದ್ದು ಬೇರೆ. ಅದು ಅಂಡ ಬಿಡುಗಡೆಯನ್ನು ಮುಂದೂಡುತ್ತದೆ, ಅಷ್ಟೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಲೆವೊನೊರ್ಜೆಸ್ಟ್ರೆಲ್ ಮಾತ್ರೆಯ ಚೀಟಿಯನ್ನು ತಿದ್ದಿತು. ನಮ್ಮ ಕಡೆ ವಂಕಿ ಎನ್ನುವ ಕಾಪರ್-ಟಿಯ ವಿಷಯ ಅಷ್ಟು ಸುಲಭವಲ್ಲ. ತಾಮ್ರ ಮುಖ್ಯವಾಗಿ ವೀರ್ಯಾಣುವನ್ನು ಕೆಡಿಸುತ್ತದೆ. ಆದರೆ ತಡವಾಗಿ ಹಾಕಿಸಿದಾಗ ಫಲಿತ ಅಂಡ ಅಂಟುವುದನ್ನೂ ತಡೆಯಬಹುದು. ಇಷ್ಟು ಹೇಳುವುದು ನಮ್ಮ ಕೆಲಸ. ಆದರೆ ಸನ್ಯಾಸಿನಿಯರ ಆಕ್ಷೇಪ ಎಲ್ಲ ಕೃತಕ ವಿಧಾನಗಳಿಗೂ ಅನ್ವಯಿಸುತ್ತದೆ. ಅಂಡ ಫಲಿಸಿತೋ ಬಿಟ್ಟಿತೋ ಎಂಬುದರ ಮೇಲೆ ಅದು ನಿಂತಿಲ್ಲ. ದಾಂಪತ್ಯದ ಕ್ರಿಯೆಯನ್ನು ಸಂತಾನದಿಂದ ಬೇರ್ಪಡಿಸಬಾರದು ಎಂಬ ನಂಬಿಕೆಗೆ ಪ್ರಯೋಗಾಲಯದಲ್ಲಿ ಪರೀಕ್ಷೆಯಿಲ್ಲ. ಅಮೆರಿಕದ ಕ್ಯಾಥೊಲಿಕ್ ಹೆಂಗಸರಲ್ಲಿ ಹೆಚ್ಚಿನವರು ಬಾಳಿನಲ್ಲಿ ಒಮ್ಮೆಯಾದರೂ ಗರ್ಭನಿರೋಧಕ ಬಳಸಿದವರೇ ಎಂದು ಸಮೀಕ್ಷೆಗಳು ಹೇಳುತ್ತವೆ. ಅದೂ ನಿಜ. ಆದರೆ ಹೆಚ್ಚು ಜನ ಪಾಲಿಸದ ಮಾತ್ರಕ್ಕೆ ಪಾಲಿಸುವವರ ಆತ್ಮಸಾಕ್ಷಿ ಸುಳ್ಳಾಗುವುದಿಲ್ಲ.

ಗಲಾಟೆ ಜೋರಾದಾಗ ಸರ್ಕಾರ ಒಂದು ನಡುದಾರಿ ಹುಡುಕಿತು. ಧಾರ್ಮಿಕ ಸಂಸ್ಥೆಗಳು ಹಣ ಕೊಡಬೇಕಾಗಿಲ್ಲ. ‘ನಮಗೆ ಧಾರ್ಮಿಕ ಆಕ್ಷೇಪವಿದೆ’ ಎಂಬ ಒಂದು ಪುಟ್ಟ ನಮೂನೆಗೆ ಸಹಿ ಹಾಕಿ ವಿಮೆ ನಡೆಸುವವರಿಗೆ ಕೊಟ್ಟರೆ ಸಾಕು. ಗರ್ಭನಿರೋಧಕದ ಖರ್ಚನ್ನು ಅವರು ಬೇರೆಯಾಗಿ ನೋಡಿಕೊಳ್ಳುತ್ತಾರೆ. 2013ರ ಜುಲೈಯಲ್ಲಿ ನಿಯಮ ಬಂತು. ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟ ಇದು ನಡೆಯುತ್ತದೆ ಎಂದಿತು. ಸೋದರಿಯರು ಒಲ್ಲೆವೆಂದರು. ನಾವು ಸಹಿ ಹಾಕಿದರೆ ತಾನೇ ಅದು ಶುರುವಾಗುವುದು, ಆ ಸಹಿಯೇ ಅಪ್ಪಣೆಚೀಟಿ ಎಂಬುದು ಅವರ ಮಾತು. ಹಾಕದಿದ್ದರೆ ದಂಡ ತಲೆಗೆ ದಿನಕ್ಕೆ 100 ಡಾಲರ್. ನೂರು ನೌಕರರಿರುವ ಆಶ್ರಮ ಎಂದು ಲೆಕ್ಕ ಹಾಕಿ: ವರ್ಷಕ್ಕೆ 36,50,000 ಡಾಲರ್. ಬೇಡಿ ತಂದು ಮುದುಕರಿಗೆ ಉಣಿಸುವವರಿಗೆ!

ಬರೀ ಸಹಿಗೆ ಇಷ್ಟು ರಂಪವೇ ಎಂದು ನನ್ನ ವಿದ್ಯಾರ್ಥಿನಿ ನಕ್ಕಳು. ನನಗೆ ನಗು ಬರಲಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ಅಲ್ಲಿನ ಪ್ರಯೋಗಾಲಯದ ಬೀಗ ವರ್ಷಕ್ಕೆ ಎರಡು ಸಲ ತೆರೆದರೆ ಹೆಚ್ಚು. ತಪಾಸಣೆಗೆ ಬರುವವರಿಗೆ ತೋರಿಸಲೆಂದು, ಇಂತಿಂಥ ದಿನ ಇಂತಿಂಥ ಪ್ರಯೋಗ ನಡೆಯಿತು ಎಂಬ ಪಟ್ಟಿಯನ್ನು ಯಾರೋ ಬರೆದಿಟ್ಟಿದ್ದರು. ‘ನೀವೇನೂ ಬರೆಯಬೇಕಾಗಿಲ್ಲ ಮೇಷ್ಟ್ರೇ, ಕೆಳಗೆ ಒಂದು ಸಹಿ ಅಷ್ಟೆ’ ಎಂದರು. ಹಾಕಿದೆ. ಮರುವರ್ಷ ಉಪಕರಣಗಳಿಗೆಂದು ಅರ್ಜಿ ಹಾಕಿದಾಗ ಉತ್ತರ ಬಂತು: ಇರುವ ಉಪಕರಣಗಳಲ್ಲಿ ಎಲ್ಲ ಪ್ರಯೋಗಗಳೂ ನಡೆದಿರುವುದು ದಾಖಲೆಯಿಂದ ಕಂಡುಬರುವುದರಿಂದ ಹೆಚ್ಚಿನ ಹಣ ಅಗತ್ಯವಿಲ್ಲ. ಆ ವರ್ಷದ ಮಕ್ಕಳು ಬ್ಯುರೆಟ್ ಮುಟ್ಟದೆ ಪಾಸಾಗಿ ಹೋದರು. ಸುಳ್ಳು ಬರೆದವನು ನಾನಲ್ಲ. ಆದರೆ ಉತ್ತರ ಬಂದದ್ದು ನನ್ನ ಸಹಿಯ ಮೇಲೆ.

ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಇನ್ನೊಬ್ಬರ ತಪ್ಪಿಗೆ ಕೈಗೂಡಿಸುವುದು ಎಷ್ಟರವರೆಗೆ ನಮ್ಮ ತಪ್ಪು ಎಂಬ ವಿಚಾರ. ಹದಿನೆಂಟನೇ ಶತಮಾನದ ಸಂತ ಅಲ್ಫೋನ್ಸಸ್ ಲಿಗೋರಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಅವರ ಸಂಪ್ರದಾಯದಲ್ಲಿ ಏಣಿ ಹಿಡಿಯುವ ಆಳಿನ ಉದಾಹರಣೆ ಹೆಸರಾದದ್ದು. ಯಜಮಾನ ಕೆಟ್ಟ ಕೆಲಸಕ್ಕೆ ಕಿಟಕಿ ಹತ್ತುತ್ತಾನೆ, ಆಳು ಏಣಿ ಹಿಡಿದಿದ್ದಾನೆ. ಯಜಮಾನನ ಉದ್ದೇಶವೇ ಆಳಿನದೂ ಆಗಿದ್ದರೆ ಅವನೂ ಪೂರ್ತಿ ತಪ್ಪಿತಸ್ಥ. ಉದ್ದೇಶ ಬೇರೆ, ಹೊಟ್ಟೆಪಾಡಿಗೆ ಹಿಡಿದ ಎಂದರೆ ಅವನ ನೆರವು ತಪ್ಪಿಗೆ ಎಷ್ಟು ಹತ್ತಿರ, ಎಷ್ಟು ದೂರ, ಹಿಡಿಯದಿದ್ದರೆ ಅವನಿಗಾಗುವ ನಷ್ಟವೆಷ್ಟು ಎಂದು ತೂಗಬೇಕು. ಸನ್ಯಾಸಿನಿಯರ ಸಹಿ ಹತ್ತಿರವೋ ದೂರವೋ? ಕ್ಯಾಥೊಲಿಕ್ ಪಂಡಿತರೇ ಎರಡು ಬಣವಾದರು. ದೂರವೆಂದವರು ಹೇಳಿದ್ದು ಹೀಗೆ: ಸಹಿ ಹಾಕುವುದು ‘ಒಲ್ಲೆ’ ಎನ್ನುವುದಕ್ಕೆ, ಆಮೇಲೆ ಕೊಡುವವನು ಸರ್ಕಾರದ ಕಾನೂನಿನಂತೆ ಕೊಡುತ್ತಾನೆ. ಇದೂ ತೆಗೆದುಹಾಕುವ ಮಾತಲ್ಲ. ಇನ್ನೊಂದು ತಮಾಷೆಯಿದೆ. ಸೋದರಿಯರ ವಿಮೆ ನೋಡಿಕೊಳ್ಳುತ್ತಿದ್ದುದೂ ಕ್ಯಾಥೊಲಿಕ್ ಸಂಸ್ಥೆಯೇ. ಚರ್ಚಿನ ಯೋಜನೆಯಾದ್ದರಿಂದ, ಸಹಿ ಬಿದ್ದರೂ ಆ ಸಂಸ್ಥೆಯಿಂದ ಬಲವಂತವಾಗಿ ಮಾತ್ರೆ ಕೊಡಿಸುವ ಅಧಿಕಾರ ತನಗಿಲ್ಲ ಎಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿತು! ಏನೂ ಆಗದ ಕಾಗದಕ್ಕೆ ಸರ್ಕಾರ ಸಹಿ ಕೇಳುತ್ತಿತ್ತು, ಇವರು ಹಾಕುವುದಿಲ್ಲ ಎನ್ನುತ್ತಿದ್ದರು.

ದಂಡ ಶುರುವಾಗಬೇಕಿದ್ದುದು 2014ರ ಜನವರಿ 1ರಿಂದ. ಹಿಂದಿನ ರಾತ್ರಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ತಾತ್ಕಾಲಿಕ ತಡೆ ಕೊಟ್ಟರು. ಅದೇ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಹೊಸವರ್ಷದ ಚೆಂಡು ಇಳಿಸುವ ಗುಂಡಿ ಒತ್ತಿದವರೂ ಅವರೇ.

ಸೋದರಿಯರು ಆಸರೆ ಪಡೆದದ್ದು 1993ರ ಒಂದು ಕಾಯಿದೆಯಲ್ಲಿ. ಅದರ ಹುಟ್ಟು ಸ್ವಾರಸ್ಯದ್ದು. ಮೂಲನಿವಾಸಿಗಳ ಚರ್ಚಿನ ಪೂಜೆಯಲ್ಲಿ ಪೆಯೋಟಿ ಎಂಬ ಮತ್ತಿನ ಕಳ್ಳಿಯನ್ನು ತಿಂದದ್ದಕ್ಕೆ ಆರೆಗಾನಿನಲ್ಲಿ ಇಬ್ಬರು ಕೆಲಸ ಕಳೆದುಕೊಂಡರು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. ಎಲ್ಲರಿಗೂ ಒಂದೇ ಇರುವ ಕಾನೂನಿನಿಂದ ಧರ್ಮದ ಹೆಸರಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದು 1990ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ, ತಾವೇ ನಿಷ್ಠಾವಂತ ಕ್ಯಾಥೊಲಿಕ್. ದೇಶದ ಎಲ್ಲ ಮತದವರೂ ಬೆಚ್ಚಿದರು. ಧರ್ಮಾಚರಣೆಗೆ ದೊಡ್ಡ ಹೊರೆಯಾಗುವ ಕಾನೂನನ್ನು ಬಲವಾದ ಕಾರಣವಿಲ್ಲದೆ ಹೇರಬಾರದು, ಹೇರಿದರೂ ಇದ್ದುದರಲ್ಲಿ ಹಗುರವಾದ ದಾರಿಯಲ್ಲೇ ಹೇರಬೇಕು ಎಂಬ ಕಾಯಿದೆ ಸೆನೆಟಿನಲ್ಲಿ 97–3 ಮತಗಳಿಂದ ಪಾಸಾಯಿತು.

2014ರ ಜೂನ್ 30ರಂದು ಹಾಬಿ ಲಾಬಿ ಎಂಬ ಅಂಗಡಿಗಳ ಕಂಪನಿ ಇದೇ ಕಾಯಿದೆಯಡಿ 5–4ರಿಂದ ಗೆದ್ದಿತು. ಅವರು ಕ್ಯಾಥೊಲಿಕರಲ್ಲ, ಇಪ್ಪತ್ತು ವಿಧಾನಗಳಲ್ಲಿ ಅವರು ಬೇಡವೆಂದದ್ದು ನಾಲ್ಕನ್ನು ಮಾತ್ರ, ಅದೂ ತುರ್ತು ಮಾತ್ರೆ ಮತ್ತು ವಂಕಿಗಳನ್ನು. ಆ ತೀರ್ಪನ್ನು ಒಪ್ಪದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದದ್ದನ್ನು ನನ್ನ ವಿದ್ಯಾರ್ಥಿನಿಗೆ ಓದಿಸಿದೆ. ವಂಕಿ ಹಾಕಿಸುವ ಖರ್ಚು ಅಲ್ಲಿ ಕನಿಷ್ಠ ಕೂಲಿಯವಳ ಹೆಚ್ಚುಕಡಿಮೆ ಒಂದು ತಿಂಗಳ ಸಂಪಾದನೆ. ನಾಳೆ ರಕ್ತ ಕೊಡುವುದನ್ನು ಒಪ್ಪದ ಮತದ ಮಾಲೀಕ, ಲಸಿಕೆ ಒಪ್ಪದ ಮಾಲೀಕ ಬಂದರೆ ಏನು ಹೇಳುತ್ತೀರಿ ಎಂದು ಅವರು ಕೇಳುತ್ತಾರೆ. ‘ನಿನ್ನ ವಾದ ಇಲ್ಲಿದೆ ನೋಡಮ್ಮ’ ಎಂದೆ. ‘ಸನ್ಯಾಸಿನಿಯರ ವಿರುದ್ಧ ಒಂದಕ್ಷರ ಆಡಬೇಡ. ಅವರ ಆಶ್ರಮದಲ್ಲಿ ರಾತ್ರಿಪಾಳಿ ಮಾಡುವ ಆಯಾ ಇದ್ದಾಳಲ್ಲ, ಬಹುಶಃ ಅವರ ಮತದವಳೂ ಅಲ್ಲ, ಅವಳ ಪರವಾಗಿ ಮಾತಾಡು.’

ಸೋದರಿಯರ ಮೊಕದ್ದಮೆ, ಪಿಟ್ಸ್‌ಬರ್ಗಿನ ಬಿಷಪ್ ಜ್ಯೂಬಿಕ್ ಮುಂತಾದವರದರ ಜೊತೆ ಸೇರಿ, 2016ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂತು. ಸ್ಕಾಲಿಯಾ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರಿಂದ ಎಂಟೇ ಜನ ನ್ಯಾಯಮೂರ್ತಿಗಳು. ಸಂಸ್ಥೆಯ ಸಹಿಯೇ ಇಲ್ಲದೆ ವಿಮೆಯವರು ಕೊಡಲು ಆಗುತ್ತದೆಯೇ ಎಂದು ಕೇಳಿದರು. ಎರಡು ಕಡೆಯವರೂ ಸುತ್ತಿಬಳಸಿ ‘ಆಗಬಹುದು’ ಎಂದರು. ಹಾಗಾದರೆ ನೀವೇ ಕೂತು ಮಾತಾಡಿಕೊಳ್ಳಿ ಎಂದು ಮೇ 16ರಂದು ಕೆಳಗಿನ ಕೋರ್ಟುಗಳಿಗೆ ಕಳಿಸಿದರು. ಮಾತು ಮುಗಿಯಲಿಲ್ಲ. 2017ರಲ್ಲಿ ಟ್ರಂಪ್ ಸರ್ಕಾರ ಬಂದು, ಕೇಳಿದ ಮಾಲೀಕರಿಗೆಲ್ಲ ಎಂಬಷ್ಟು ಅಗಲವಾದ ವಿನಾಯಿತಿ ಕೊಟ್ಟಿತು. ನೌಕರಳಿಗೆ ಬೇರೆ ದಾರಿ ಇದೆಯೇ ಎಂಬುದನ್ನು ಅದು ಕೇಳಲಿಲ್ಲ. ಪೆನ್ಸಿಲ್ವೇನಿಯಾ ರಾಜ್ಯ ಕೋರ್ಟಿಗೆ ಹೋಯಿತು. 2020ರ ಜುಲೈ 8ರಂದು 7–2ರಿಂದ ಸೋದರಿಯರ ಕಡೆ ತೀರ್ಪಾಯಿತು. ಆದರೆ ಆ ಏಳರಲ್ಲಿ ಒಬ್ಬರಾದ ಕೇಗನ್, ಇಷ್ಟು ಅಗಲದ ವಿನಾಯಿತಿಗೆ ಸರಿಯಾದ ಕಾರಣ ಕೊಟ್ಟಿದ್ದಾರೆಯೇ ಎಂಬುದು ಇನ್ನೂ ಉಳಿದಿದೆ ಎಂದು ಬರೆದಿಟ್ಟರು. 2025ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶೆ ಅದೇ ಅಂಶದ ಮೇಲೆ ನಿಯಮಗಳನ್ನು ರದ್ದುಮಾಡಿದರು. ಸೋದರಿಯರು ಮೇಲ್ಮನವಿ ಹಾಕಿದರು.

ಓದಿ ಮುಗಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಸನ್ಯಾಸಿನಿಯರಿಂದ ಆ ಸಹಿ ಕೇಳಬಾರದಿತ್ತು. ಆಯಾಳ ಮಾತ್ರೆಯ ಹಣ ಅವಳ ಕೈಬಿಟ್ಟು ಹೋಗಲೂಬಾರದಿತ್ತು. ಈ ಎರಡೂ ಒಟ್ಟಿಗೆ ಆಗದಂತೆ ಮಾಡಿದ್ದು 1942ರ ಆ ಸಂಬಳದ ಲೆಕ್ಕಾಚಾರ. ನಮ್ಮಲ್ಲಿ ಬಡ ಹೆಂಗಸು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ವಂಕಿಯೋ ಮಾತ್ರೆಯೋ ಬಿಟ್ಟಿಯಾಗಿ ಸಿಗುತ್ತದೆ. ಅವಳು ಯಾರ ಮನೆಯಲ್ಲಿ ಕೆಲಸ ಮಾಡುತ್ತಾಳೆ, ಆ ಮನೆಯವರ ದೇವರು ಯಾರು ಎಂದು ನರ್ಸಮ್ಮ ಕೇಳುವುದಿಲ್ಲ. ನಮ್ಮ ಆರೋಗ್ಯ ಕೇಂದ್ರಗಳ ಹಣೆಬರಹ ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ವಿದ್ಯಾರ್ಥಿನಿಗೆ ಎರಡನೇ ಬಹುಮಾನ ಬಂತಂತೆ. ಫೋನು ಮಾಡಿದ್ದಳು. ಮೊದಲ ಬಹುಮಾನ ಸನ್ಯಾಸಿನಿಯರ ಪರ ಮಾತಾಡಿದ ಹುಡುಗನಿಗೆ. ‘ಅವನೂ ಆಯಾಳ ವಿಷಯ ಎತ್ತಿದ ಸಾರ್’ ಎಂದಳು. ಜಾನ್ ಜುಗಾನ್ ಬೇಡಲು ಹೋದಾಗ ಒಬ್ಬ ಕೆನ್ನೆಗೆ ಹೊಡೆದನಂತೆ. ಇದು ನನಗಾಯಿತು, ಇನ್ನು ನನ್ನ ಬಡವರಿಗೆ ಏನಾದರೂ ಕೊಡಿ ಎಂದಳಂತೆ ಆಕೆ. ಈ ಕಥೆಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ಹುಡುಗ ಅದರಿಂದಲೇ ಶುರುಮಾಡಿದನಂತೆ.